ಕಿವಿಯೊಳಗಿನ ಜೀರುಂಡೆ

ಮಲೆನಾಡಿನವರಿಗೆ ಜೀರುಂಡೆಯ ಸದ್ದು ಹೊಸದಲ್ಲ. ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಸಂಜೆಯಾಯಿತೆಂದರೆ ಕಾಫಿ ತೋಟದ ನೆರಳು ಮರಗಳಿಂದ ಅದರ ಜೀಂಕಾರ ಏಳುತ್ತದೆ. ಅಲ್ಲಿಯೇ ಹುಟ್ಟಿ ಬೆಳೆದವರು ಅದನ್ನು ಕೇಳಿಯೂ ಕೇಳದಂತೆ ಇರುತ್ತಾರೆ. ಆದರೆ ತೋಟ ಮೌನವಾದ ಮೇಲೂ, ಬಾಗಿಲು ಕಿಟಕಿ ಮುಚ್ಚಿ ಮಲಗಿದ ಮೇಲೂ ಅಂಥದೇ ಸದ್ದು ಕೇಳಿಸುತ್ತಿದ್ದರೆ? ಪಕ್ಕದಲ್ಲಿ ಮಲಗಿದವರಿಗೆ ಕೇಳಿಸದೆ, ತನ್ನೊಬ್ಬನಿಗೇ ಕೇಳಿಸುತ್ತಿದ್ದರೆ?

ಇದನ್ನು ವೈದ್ಯರು ಟಿನಿಟಸ್ ಎಂದು ಕರೆಯುತ್ತಾರೆ. ಆಯುರ್ವೇದದಲ್ಲಿ ಇದಕ್ಕೆ ಕರ್ಣನಾದ ಎಂಬ ಹೆಸರುಂಟು. ಒಬ್ಬರಿಗೆ ಗುಂಯ್ ಎಂದರೆ, ಇನ್ನೊಬ್ಬರಿಗೆ ಸಿಳ್ಳೆ ಹಾಕಿದಂತೆ, ಮತ್ತೊಬ್ಬರಿಗೆ ಕುಕ್ಕರಿನ ಹಬೆ ಹೊರಟಂತೆ ಕೇಳಿಸಬಹುದು. ಇದು ಸ್ವತಃ ರೋಗವಲ್ಲ, ಲಕ್ಷಣ. ಜಗತ್ತಿನ ವಯಸ್ಕರಲ್ಲಿ ಸುಮಾರು ನೂರಕ್ಕೆ 14 ಮಂದಿಗೆ ಇದರ ಅನುಭವವಿದೆಯೆಂದು 2022ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಅಂದಾಜು ಮಾಡಿತು. ಸಂಗೀತಗಾರ ಬೀಥೋವನ್ 1801ರಲ್ಲಿ ತನ್ನ ವೈದ್ಯ ಗೆಳೆಯನಿಗೆ ಬರೆದ ಕಾಗದದಲ್ಲಿ ಹಗಲಿರುಳೂ ಮೊರೆಯುವ ಕಿವಿಗಳ ಬಗ್ಗೆ ಅಳಲು ತೋಡಿಕೊಂಡಿದ್ದ.

ಸದ್ದು ಹುಟ್ಟುವ ಬಗೆ

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಒಂದು ಅಂಗವಿದೆ. ಅದರೊಳಗೆ ಸುಮಾರು 15,000 ರೋಮಕೋಶಗಳು. ಹೊರಗಿನ ಸದ್ದನ್ನು ನರಸಂಕೇತವಾಗಿ ಬದಲಿಸಿ ಮಿದುಳಿಗೆ ಕಳುಹಿಸುವುದು ಇವುಗಳ ಕೆಲಸ. ಮನುಷ್ಯನಲ್ಲಿ ಇವು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಸಂಕೇತ ಕಡಿಮೆಯಾದಾಗ ಮಿದುಳು ಸುಮ್ಮನಿರುವುದಿಲ್ಲ. ಸ್ಟೇಷನ್ ಸಿಗದ ರೇಡಿಯೋದ ಧ್ವನಿಯನ್ನು ಏರಿಸಿದರೆ ಕೊರಕೊರ ಸದ್ದಷ್ಟೇ ಜೋರಾಗುವ ಹಾಗೆ, ಅದು ತನ್ನ ಗ್ರಹಣಶಕ್ತಿಯನ್ನು ಹೆಚ್ಚಿಸಿಕೊಳ್ಳುತ್ತದೆ. ಆಗ ಇಲ್ಲದ ಸದ್ದು ಕೇಳಿಸತೊಡಗುತ್ತದೆ.

ರೋಮಕೋಶಗಳ ದೊಡ್ಡ ಶತ್ರು ಅತಿಯಾದ ಸದ್ದು. ಹಸಿರು ಗುಡ್ಡಗಳ ನಡುವೆ ಸದ್ದೆಲ್ಲಿಂದ ಬಂತು ಎನ್ನಬೇಡಿ. ಕುಯ್ಲಿನ ಕಾಲದಲ್ಲಿ ಸಂಜೆಯಿಂದ ಓಡುವ ಪಲ್ಪರ್, ಮರಗಸಿಗೆ ಬಳಸುವ ಗರಗಸದ ಯಂತ್ರ, ಬೆನ್ನಿಗೆ ಕಟ್ಟಿಕೊಂಡು ಕಳೆ ಹೊಡೆಯುವ ಯಂತ್ರ ಎಲ್ಲವೂ ತೋಟದ ಬದುಕಿನ ಭಾಗವೇ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದೆಂಬುದು ತಜ್ಞರು ಬಳಸುವ ಲೆಕ್ಕ. ಅದರ ಮೇಲೆ ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧವಾಗುತ್ತದೆ. 100 ಡೆಸಿಬಲ್ ಮುಟ್ಟಿದರೆ ಉಳಿಯುವುದು ಕೇವಲ 15 ನಿಮಿಷ. ಮರ ಕೊಯ್ಯುವ ಯಂತ್ರದ ಸದ್ದು ಇದನ್ನೂ ಮೀರುತ್ತದೆ.

ಕೆಲವು ಔಷಧಿಗಳಿಂದಲೂ ಕಿವಿ ಮೊರೆಯುವುದುಂಟು. ಮಲೇರಿಯಾ ಮಲೆನಾಡನ್ನು ಕಾಡುತ್ತಿದ್ದ ಕಾಲದಲ್ಲಿ ಅದಕ್ಕೆ ಮದ್ದಾಗಿದ್ದ ಕ್ವಿನೈನ್ ಹೆಚ್ಚಾದರೆ ಕಿವಿಯಲ್ಲಿ ಗಂಟೆ ಬಾರಿಸಿದಂತಾಗುತ್ತಿತ್ತು.

ಒತ್ತಡ ಎಲ್ಲಿ ಸೇರಿಕೊಳ್ಳುತ್ತದೆ?

ಒಂದೇ ಪ್ರಮಾಣದ ಸದ್ದು ಕೇಳಿಸುವ ಇಬ್ಬರಲ್ಲಿ ಒಬ್ಬರು ಅದನ್ನು ಮರೆತು ನೆಮ್ಮದಿಯಾಗಿರುತ್ತಾರೆ, ಇನ್ನೊಬ್ಬರು ನಿದ್ದೆಗೆಟ್ಟು ಸೊರಗುತ್ತಾರೆ. ಏಕೆ? ವಿಜ್ಞಾನಿ ಜಾಸ್ಟ್ರೆಬಾಫ್ 1990ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ತೊಂದರೆಯ ತೀವ್ರತೆಯನ್ನು ನಿರ್ಧರಿಸುವುದು ಕಿವಿಗಿಂತ ಹೆಚ್ಚಾಗಿ ಭಯ, ಆತಂಕಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಎಂಬುದು ಅದರ ಸಾರಾಂಶ.

ಆನೆ ಓಡಾಡುವ ಸೀಮೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಇಲ್ಲಿ ರಾತ್ರಿಯ ಕಿವಿ ಎಂದರೆ ಕಾವಲುಗಾರ. ಹೊರಗೆ ಕಡ್ಡಿ ಮುರಿದರೂ ಎಚ್ಚರ. ಅದು ಆನೆಯಲ್ಲ, ಬರಿಯ ಗಾಳಿ ಎಂದು ತಿಳಿದಾಗ ಮತ್ತೆ ನಿದ್ದೆ. ಆಲೂರು ಭಾಗದಿಂದ 2014ರ ಸುಮಾರಿಗೆ 22 ಆನೆಗಳನ್ನು ಹಿಡಿದು ಸಾಗಿಸಿದರೂ ಸಂಘರ್ಷ ಮುಗಿಯಲಿಲ್ಲ. ಎಂಟು ಬಾರಿ ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತಿತು. ಮುಂಜಾನೆ ತೋಟಕ್ಕೆ ಹೋಗುವ ಕೂಲಿಯವರಿಗೆ, ಕುಯ್ಲು ಮುಗಿಸಲು ಆಳು ಸಿಗದ ಬೆಳೆಗಾರರಿಗೆ, ಲೆಕ್ಕ ಒಪ್ಪಿಸಬೇಕಾದ ರೈಟರಿಗೆ ದುಡಿಮೆಯ ಒತ್ತಡದ ಮೇಲೆ ಈ ಅಂಜಿಕೆಯೂ ಸೇರುತ್ತದೆ.

ಹೀಗೆ ಸದಾ ಎಚ್ಚರದಲ್ಲಿರುವ ಮಿದುಳು ತನ್ನೊಳಗಿನ ಸಣ್ಣ ಸದ್ದನ್ನೂ ಅಪಾಯದ ಪಟ್ಟಿಗೆ ಸೇರಿಸಿಬಿಡಬಹುದು. ಆಗ ಸದ್ದಿನಿಂದ ಆತಂಕ, ಆತಂಕದಿಂದ ನಿದ್ರಾಭಂಗ, ನಿದ್ರೆಯಿಲ್ಲದೆ ದಣಿವು, ದಣಿವಿನಿಂದ ಸದ್ದು ಮತ್ತಷ್ಟು ಜೋರು. ದುಡಿಮೆಯ ಒತ್ತಡದಿಂದ ಮನಸ್ಸು ಬಳಲಿದವರಲ್ಲಿ ಈ ತೊಂದರೆ ತೀವ್ರವಾಗಿರುವುದನ್ನು ಸ್ವೀಡನ್ನಿನ ಸಂಶೋಧಕರು ಗುರುತಿಸಿದ್ದಾರೆ. ಒತ್ತಡವೊಂದೇ ಟಿನಿಟಸ್ಸಿಗೆ ಕಾರಣವೆಂದು ಹೇಳಲಾಗದು. ಆದರೆ ಇದ್ದ ಕಿಡಿಗೆ ಅದು ಗಾಳಿ ಹಾಕುತ್ತದೆ.

ಮಕ್ಕಳ ಪಾಲು

ಇದು ದುಡಿಯುವವರ ಕಥೆ ಮಾತ್ರವಲ್ಲ. ಕಾಫಿ ಕುಯ್ಲಿನ ಗಡಿಬಿಡಿ ಮುಗಿಯುವ ಹೊತ್ತಿಗೆ ಮನೆಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ಗಡಿಬಿಡಿ. ಓದುವ ಕೋಣೆ ನಿಶ್ಶಬ್ದವಾದಷ್ಟೂ ಒಳಗಿನ ಸದ್ದು ಎದ್ದು ಕೇಳುತ್ತದೆ. ಜೊತೆಗೆ ಬಸ್ಸಿನ ಗದ್ದಲವನ್ನು ಮೀರಿಸುವಂತೆ ಇಯರ್‌ಫೋನಿನ ಧ್ವನಿ ಏರಿಸುವ ಅಭ್ಯಾಸ ಬೇರೆ. ವಾರಕ್ಕೆ 40 ಗಂಟೆ ಕೇಳುವುದಾದರೆ ಧ್ವನಿ 80 ಡೆಸಿಬಲ್ ದಾಟಬಾರದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮಗು ‘ಕಿವಿಯಲ್ಲಿ ಏನೋ ಸದ್ದು’ ಎಂದರೆ ಓದದಿರಲು ನೆಪವೆಂದು ಗದರಬೇಡಿ. ಹೆದರಿದ ಮಗುವಿಗೆ ಸದ್ದು ಇನ್ನೂ ದೊಡ್ಡದಾಗುತ್ತದೆ.

ಪರಿಹಾರವೇನು?

ಮೊದಲು ಕಿವಿ ಪರೀಕ್ಷೆಯಾಗಬೇಕು. ಎಷ್ಟೋ ಸಲ ಗಟ್ಟಿಯಾದ ಗುಗ್ಗೆಯೇ ಕಾರಣವಾಗಿರುತ್ತದೆ. ಹಾಗೆಂದು ಕಡ್ಡಿ ಹಾಕುವುದು, ಬಿಸಿ ಎಣ್ಣೆ ಬಿಡುವುದು ಸಲ್ಲದು. ಸದ್ದು ಒಂದೇ ಕಿವಿಯಲ್ಲಿದ್ದರೆ, ನಾಡಿಯ ಬಡಿತದೊಡನೆ ಕೇಳಿಸಿದರೆ, ತಲೆ ಸುತ್ತಿದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದೇ ದಿನ ಹೋಗಬೇಕು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

ಟಿನಿಟಸ್ಸನ್ನು ಅಳಿಸಿಹಾಕುವ ಮಾತ್ರೆ ಇಲ್ಲ. ಆದರೆ ಅದರ ಕಾಟವನ್ನು ತಗ್ಗಿಸಲು ದಾರಿಗಳಿವೆ. ಕಿವುಡುತನವಿದ್ದವರಿಗೆ ಶ್ರವಣ ಸಾಧನ ನೆರವಾಗುತ್ತದೆ. ಆಲೋಚನೆಯ ಧಾಟಿಯನ್ನು ತಿದ್ದುವ ಮನೋಚಿಕಿತ್ಸೆ ಸಂಕಟವನ್ನು ಕಡಿಮೆ ಮಾಡುತ್ತದೆಂದು ಸಾಬೀತಾಗಿದೆ. ರಾತ್ರಿ ಫ್ಯಾನಿನ ಸದ್ದೋ ಮೆಲುದನಿಯ ರೇಡಿಯೋವೋ ಇದ್ದರೆ ಒಳ್ಳೆಯದು. ಯಂತ್ರ ಹಿಡಿಯುವವರು ಹತ್ತಿ ತುರುಕಿಕೊಂಡರೆ ಸಾಲದು, ಕಿವಿಗವಸು ಬೇಕು. ಅದನ್ನು ಒದಗಿಸುವುದು ತೋಟದ ಮಾಲೀಕರ ಹೊಣೆ. ಮನಸ್ಸಿನ ಭಾರ ಹೇಳಿಕೊಳ್ಳಲು ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ಗುಣವೆಂದರೆ ಇಲ್ಲಿ ಸದ್ದು ನಿಲ್ಲುವುದೇ ಆಗಬೇಕಿಲ್ಲ. ಅದರಿಂದ ಅಪಾಯವಿಲ್ಲವೆಂದು ಮಿದುಳಿಗೆ ಮನವರಿಕೆಯಾದರೆ ಅದು ಹಿನ್ನೆಲೆಗೆ ಸರಿಯುತ್ತದೆ. ಜೀರುಂಡೆಯ ಜೊತೆ ಬಾಳಲು ಕಲಿತ ಮಲೆನಾಡಿಗರಿಗೆ ಈ ಪಾಠ ಹೊಸದೇನಲ್ಲ.