ಹಿರೇಹಂದಿಗೋಳ 30 ಬೈಟಿಗೆ ಹಿಡಿಸಲ್ಲ

ಡಿಬಿಎಂಎಸ್ ಮಿನಿ ಪ್ರಾಜೆಕ್ಟಿಗೆ ನಾವು ನಾಲ್ಕು ಜನ ಸೇರಿ ಕೃಷಿ ಪತ್ತಿನ ಸಹಕಾರ ಸಂಘದ ಸಾಲದ ಲೆಕ್ಕ ಇಡೋ ಸಾಫ್ಟ್‌ವೇರ್ ಮಾಡಿದ್ವಿ. ಗದಗ ತಾಲ್ಲೂಕಿನವರಿಗೆ ಸೊಸೈಟಿ ಅಂದ್ರೆ ಹೊಸದಲ್ಲ. 1905ರಲ್ಲೇ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಶುರು ಮಾಡಿದ್ರು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಇಂಥ 63,000 ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅಲ್ಲಿಂದ ನಮಗೆ ಐಡಿಯಾ ಬಂತು.

ಲ್ಯಾಪ್‌ಟಾಪಿನಲ್ಲಿ ಎಲ್ಲ ಸರಿ ಇತ್ತು. ಡೆಮೋ ದಿನ ಲ್ಯಾಬ್ ಸರ್ವರಿಗೆ ಹಾಕಿ, ಊರಿನ ಹೆಸರು 'ಹಿರೇಹಂದಿಗೋಳ' ಅಂತ ಟೈಪ್ ಮಾಡಿದ್ರೆ ಎರರ್! ಕಾಲಂ ಉದ್ದ 30 ಇತ್ತು. ಓದೋವಾಗ ಆರೇ ಅಕ್ಷರ. ಆದ್ರೆ ಯೂನಿಕೋಡಿನಲ್ಲಿ ಗುಣಿತ, ಸೊನ್ನೆ ಎಲ್ಲ ಬೇರೆ ಬೇರೆ ಎಣಿಕೆ. ಒಟ್ಟು 11 ಸಂಕೇತ, ಯುಟಿಎಫ್-8ರಲ್ಲಿ ಒಂದೊಂದಕ್ಕೆ 3 ಬೈಟ್, ಅಂದ್ರೆ 33. ನಮ್ಮ ಲ್ಯಾಪ್‌ಟಾಪಿನ ಮೈಎಸ್‌ಕ್ಯೂಎಲ್ ಸಂಕೇತ ಎಣಿಸುತ್ತೆ, ಲ್ಯಾಬಿನ ಒರಾಕಲ್ ಡಿಫಾಲ್ಟಾಗಿ ಬೈಟ್ ಎಣಿಸುತ್ತೆ. ಕೊನೆಯ 'ಳ'ಕ್ಕೆ ಜಾಗ ಇರಲಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ರೆ 12 ಬೈಟಿಗೆ ಮುಗೀತಿತ್ತು, ಅದಕ್ಕೇ ನಮಗೆ ಮೊದಲೇ ಗೊತ್ತಾಗಲಿಲ್ಲ. ನಾವು ಟೆಸ್ಟ್ ಮಾಡಿದ್ದೆಲ್ಲ 'ಎಬಿಸಿ', 'ಎಕ್ಸ್‌ವೈಜಡ್' ಅಂತ ಹಾಕಿ.

ಕೋಡ್ ಬರೆಯೋ ಜಾಗ, ಪರೀಕ್ಷೆ ಮಾಡೋ ಜಾಗ, ಜನ ನಿಜವಾಗಿ ಬಳಸೋ ಜಾಗ ಮೂರೂ ಬೇರೆ ಇರಬೇಕು ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಬೇರೆ ಇದ್ರೆ ಸಾಲದು. ಪರೀಕ್ಷೆಯ ಜಾಗ ನಿಜವಾದದ್ದರ ಹಾಗೇ ಇರಬೇಕು. ಅದೇ ಡೇಟಾಬೇಸ್, ಅದೇ ವರ್ಷನ್, ಅದೇ ಸೆಟ್ಟಿಂಗ್. ಪ್ರಾಜೆಕ್ಟಿನ ಮೊದಲ ವಾರದಲ್ಲೇ ಇದನ್ನು ಬರೆದಿಡಬೇಕು. ಕೊನೆಗೆ ಸರ್ವರ್ ಕೇಳಿದ್ರೆ ಯಾರೂ ಕೊಡಲ್ಲ (ನಮಗೆ ಕೊಡಲಿಲ್ಲ).

ಹಾಗಂತ ನಿಜವಾದ ರೈತರ ಡೇಟಾವನ್ನೇ ಕಾಪಿ ಮಾಡಿ ತರಬಾರದು. ಯಾರು ಎಷ್ಟು ಸಾಲ ಮಾಡಿದಾರೆ ಅನ್ನೋದು ಕೋಡ್ ಬರೆಯೋ ಹುಡುಗರಿಗೆ ಯಾಕೆ ಬೇಕು? ಹೆಸರು, ಆಧಾರ್, ಮೊಬೈಲ್ ನಂಬರ್ ಬದಲಿಸಿಯೇ ತರಬೇಕು. ಇಲ್ಲೂ ಒಂದು ತೊಡಕಿದೆ. ಆಧಾರಿನ ಕೊನೆಯ ಅಂಕಿ ವೆರ್ಹೂಫ್ ಅನ್ನೋ ಲೆಕ್ಕದಿಂದ ಬರೋ ಚೆಕ್ ಅಂಕಿ. ಸುಮ್ಮನೆ 12 ಅಂಕಿ ಹಾಕಿದ್ರೆ ಫಾರ್ಮ್ ಒಪ್ಪಲ್ಲ, ಸುಳ್ಳು ನಂಬರನ್ನೂ ಲೆಕ್ಕ ಹಾಕಿಯೇ ಮಾಡಬೇಕು. ಎಸ್ಸೆಮ್ಮೆಸ್ ಅಂತೂ ಟೆಸ್ಟ್ ಸರ್ವರಿನಿಂದ ಹೊರಗೆ ಹೋಗಲೇಬಾರದು. 'ನಿಮ್ಮ ಸಾಲ ಬಾಕಿ ಇದೆ' ಅಂತ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂದ್ರೆ ಓದಿದವರು ಅದನ್ನ ಟೆಸ್ಟ್ ಅಂದ್ಕೊಳ್ತಾರಾ?

ಇನ್ನು ನಿಯಮ ಬದಲಾಗೋ ವಿಷಯ. ಕರ್ನಾಟಕದಲ್ಲಿ ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿಯನ್ನು 2023-24ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ್ರು. ಕೋಡಿನಲ್ಲಿ ಒಂದು ಅಂಕಿ ಬದಲಿಸಿದ್ರೆ ಆಯ್ತು ಅನ್ಸುತ್ತೆ. ಆದ್ರೆ ಹಳೇ ಸಾಲಕ್ಕೆ ಯಾವ ಮಿತಿ, ಗಡುವು ದಾಟಿದ ಮರುದಿನ ಬಡ್ಡಿ ಎಷ್ಟು ಅಂತ ನೋಡೋಕೆ ವರ್ಷವಿಡೀ ಕಾಯೋಕಾಗಲ್ಲ. ಟೆಸ್ಟ್ ಸರ್ವರಿನ ದಿನಾಂಕ ಮುಂದೆ ಹಾಕಿ ನೋಡ್ಬೇಕು. ಜನ ಬಳಸ್ತಾ ಇರೋ ಸಿಸ್ಟಮ್‌ನಲ್ಲಿ ಇದನ್ನ ಮಾಡಿದ್ರೆ ಒಂದೇ ಕ್ಲಿಕ್ಕಿಗೆ ಊರೆಲ್ಲ ಸುಸ್ತಿದಾರರು.

ಆ ಕಾಲಂ ಈಗ 200 ಬೈಟ್ ಮಾಡಿದ್ದೀವಿ. ಟೆಸ್ಟ್ ಡೇಟಾದ ಮೊದಲ ಸಾಲಿನಲ್ಲೇ ಹಿರೇಹಂದಿಗೋಳ ಇದೆ.