ಕಡಿ, ಕೊಯಂಡಾ, ಕಬ್ಜಾ

ಹಳೆಯ ಮನೆಯೊಂದನ್ನು ಬಹುಕಾಲ ಮುಚ್ಚಿಟ್ಟು ಮತ್ತೆ ತೆರೆದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ತೊಲೆ, ಕಂಬ, ಹೊಸ್ತಿಲುಗಳು ಇದ್ದಲ್ಲಿಯೇ ಇರುತ್ತವೆ. ಕಾಣೆಯಾಗಿರುವುದು ಅಂಗೈಯಲ್ಲಿ ಹಿಡಿಯುವಂಥ ಸಾಮಾನು. ಬಾಗಿಲಿನ ಚಿಲಕ, ಕಪಾಟಿನ ಹಿಡಿಕೆ, ಕೀಲಿಯ ತೂತಿನ ಮೇಲಿನ ಹಿತ್ತಾಳೆಯ ತಗಡು, ತಿರುಗಣಿಯ ಸ್ಕ್ರೂಗಳು. ಔರಾದ ಸೀಮೆಯ ಠಾಣಾ ಕುಶನೂರಿನಲ್ಲಿರುವ ನಮ್ಮ ಮನೆಯನ್ನು ಆರು ವರ್ಷಗಳ ತರುವಾಯ ತೆರೆದಾಗ ನಾನು ಎಣಿಸಿ ನೋಡಿದೆ. ಒಳಗಿನ ಕೋಣೆಯ ಬಾಗಿಲು ಒಂದು. ಆ ಕೋಣೆಯಲ್ಲಿ, ನಮ್ಮ ತಂದೆಯವರು ಬೀದರಿನಲ್ಲಿ ಯಾರೋ ಬಳಸಿ ಮಾರಿದ್ದನ್ನು ಕೊಂಡು ಎತ್ತಿನ ಗಾಡಿಯ ಮೇಲೆ ಹೇರಿಸಿ ತಂದ ತೇಗದ ಅಲಮಾರಿ ಒಂದು. ಇವೆರಡರಲ್ಲಿಯೇ ಹನ್ನೊಂದು ಚಿಕ್ಕ ಭಾಗಗಳು ಇರಲಿಲ್ಲ.

ಮನೆ ತೆರೆದದ್ದು ನಮ್ಮ ಅಕ್ಕನಿಗಾಗಿ. ಎಪ್ಪತ್ತು ದಾಟಿದ ಹೆಂಗಸು. ಭಾವನವರು ತೀರಿಕೊಂಡ ಮೇಲೆ ಮಕ್ಕಳ ಊರುಗಳಲ್ಲಿ ಎರಡು ವರ್ಷ ಕಳೆದು, ಇನ್ನು ತವರಿನ ಮನೆಯಲ್ಲಿ ಒಬ್ಬಳೇ ಇರುತ್ತೇನೆಂದು ಹಟ ಹಿಡಿದಳು. ನಾವೆಲ್ಲ ಸುಣ್ಣ ಬಣ್ಣದ ಮಾತು, ನೆಲಕ್ಕೆ ಹೊಸ ಕಲ್ಲು ಹಾಸುವ ಮಾತು ಆಡುತ್ತಿದ್ದೆವು. ಅವಳು ಕೇಳಿದ್ದು ಬೇರೆ: “ನನಗ ಮತ್ತೇನೂ ಬ್ಯಾಡ, ಒಳಗಿಂದ ಹಾಕೊಳ್ಳಕ ಒಂದು ಕಡಿ ಇರ್ಲಿ.” ಒಬ್ಬಳೇ ಮಲಗುವವಳಿಗೆ ಮನೆಯೆಂದರೆ ಆ ಒಂದು ಕಡಿ. ಅದನ್ನು ತಂದು ಹಾಕಿಸುವ ಕೆಲಸ ನನ್ನ ಪಾಲಿಗೆ ಬಂತು. ನಿವೃತ್ತ ಕನ್ನಡ ಮೇಷ್ಟರಿಗೆ ಇದಕ್ಕಿಂತ ಸುಲಭದ ಕೆಲಸ ಯಾವುದಿದೆ ಎಂದು ಎಲ್ಲರೂ ತಿಳಿದರು, ನಾನೂ ತಿಳಿದೆ.

ಇಲ್ಲದ ವಸ್ತುವಿನ ಬದಲಿಗೆ ಇನ್ನೊಂದನ್ನು ತರಬೇಕಾದರೆ ಮೊದಲು ಆ ಇಲ್ಲದ ವಸ್ತು ಹೇಗಿತ್ತೆಂಬುದನ್ನು ಅರಿಯಬೇಕು. ಅದರ ಸಾಕ್ಷ್ಯ ಮರದ ಮೇಲೆಯೇ ಉಳಿದಿರುತ್ತದೆ. ಲೋಹ ಮುಚ್ಚಿಕೊಂಡಿದ್ದ ಭಾಗಕ್ಕೆ ಬೆಳಕೂ ಹೊಗೆಯೂ ತಾಗಿರುವುದಿಲ್ಲವಾದ್ದರಿಂದ ಅಲ್ಲಿನ ಬಣ್ಣ ಬೇರೆ. ತೂತುಗಳ ನಡುವಿನ ಅಂತರ, ತಗಡು ಕೂರಲೆಂದು ಉಳಿಯಿಂದ ತೆಗೆದ ತಗ್ಗಿನ ಆಳ, ಚಿಲಕದ ತುದಿ ನೂರಾರು ಸಲ ಉಜ್ಜಿ ಮಾಡಿದ ಗೀರು, ಇವೆಲ್ಲ ಅಳತೆಗಳೇ. ಆ ಜಾಗದ ಮೇಲೆ ತೆಳುವಾದ ಕಾಗದವನ್ನಿಟ್ಟು ಪೆನ್ಸಿಲಿನಿಂದ ಮೆಲ್ಲಗೆ ಉಜ್ಜಿದರೆ ಅಂಚುಗಳೂ ತೂತುಗಳೂ ಕಾಗದದಲ್ಲಿ ಮೂಡುತ್ತವೆ. ಶಾಸನದ ಪಡಿಯಚ್ಚು ತೆಗೆಯುವವರು ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಬಡಿದು ಮಸಿ ಹಚ್ಚುವುದನ್ನು ನಾನು ವಿದ್ಯಾರ್ಥಿಯಾಗಿದ್ದಾಗ ನೋಡಿದ್ದೆ. ಅದರ ಬಡ ತಮ್ಮ ಇದು. ಬೀದರ ಕೋಟೆಯ ರಂಗೀನ ಮಹಲಿನಲ್ಲಿ ಕಪ್ಪು ಕಲ್ಲಿನೊಳಗೆ ಕೂಡಿಸಿದ ಮುತ್ತಿನ ಚಿಪ್ಪಿನ ಕೆಲಸವನ್ನು ಕಂಡವರು ಇದನ್ನು ಬೇಗ ಒಪ್ಪುತ್ತಾರೆ. ಚಿಪ್ಪು ಎದ್ದುಹೋದ ಕಡೆಯೂ ಅದು ಕುಳಿತಿದ್ದ ಗುಂಡಿಯ ಆಕಾರ ಹಾಗೆಯೇ ಇದ್ದು, ಬಳ್ಳಿ ಎತ್ತ ತಿರುಗಿತ್ತು ಎಂಬುದನ್ನು ಹೇಳುತ್ತದೆ. ಆದುದರಿಂದ ಹಳೆಯ ತೂತುಗಳಿಗೆ ಲಪ್ಪ ತುಂಬಿ ಬಣ್ಣ ಬಳಿದು ಅನಂತರ ಅಂಗಡಿಗೆ ಹೋಗುವುದೆಂದರೆ ಓಲೆಯನ್ನು ಓದುವ ಮೊದಲೇ ಒರಸಿ ಹಾಕಿದಂತೆ.

ಕಾಗದ ಮಡಿಚಿಕೊಂಡು ಅಂಗಡಿಗೆ ಹೋದೆ. ಅಲ್ಲಿ ನನ್ನ ಎಂ.ಎ. ನೆರವಿಗೆ ಬರಲಿಲ್ಲ. ‘ಅಗುಳಿ’ ಎಂದೆ, ಅಂಗಡಿಯ ಹುಡುಗ ಮುಖ ನೋಡಿದ. ‘ತಿರುಗಣಿ’ ಎಂದೆ; ಅವನು ಒಳಗಿನವರನ್ನು ಕರೆದ. ಕನ್ನಡ, ಮರಾಠಿ, ಉರ್ದುಗಳು ಒಂದೇ ಕಟ್ಟೆಯ ಮೇಲೆ ಕುಳಿತು ಮಾತಾಡುವ ಈ ಸೀಮೆಯಲ್ಲಿ ಬಾಗಿಲಿನ ಒಂದೊಂದು ಅಂಗಕ್ಕೆ ಒಂದೊಂದು ಭಾಷೆ ಹೆಸರಿಟ್ಟಿದೆ. ಸರಪಳಿಯಂಥ ಅಥವಾ ಪಟ್ಟಿಯಂಥ ಕೊಂಡಿ ಮರಾಠಿಯಲ್ಲಿ ಕಡಿ. ಅದನ್ನು ಬರಮಾಡಿಕೊಳ್ಳುವ ಬಳೆ ಕೊಯಂಡಾ. ಬೀಗಕ್ಕೆ ಕುಲುಪು; ಅರಬ್ಬಿಯ ‘ಕುಫ್ಲ್’ ಪದ ಅಕ್ಷರಗಳನ್ನು ಹಿಂದುಮುಂದು ಮಾಡಿಕೊಂಡು ಮರಾಠಿಗೆ ಬಂದದ್ದು. ಚಾವಿಯೋ ಪೋರ್ಚುಗೀಸರ ಹಡಗಿನಿಂದ ಇಳಿದು ಬಂದ ಮಾತು. ಸ್ಕ್ರೂವನ್ನು ಹಿರಿಯ ಬಡಿಗರು ಈಗಲೂ ಪೇಚು ಎನ್ನುತ್ತಾರೆ. ಫಾರಸಿಯಲ್ಲಿ ಅದಕ್ಕೆ ತಿರುಚು ಎಂದರ್ಥ. ತಿರುಗಣಿಗೆ ಮರಾಠಿಯವರು ಬಿಜಾಗರಿ ಎಂದರೆ ಉರ್ದುವಿನವರು ಕಬ್ಜಾ ಎನ್ನುತ್ತಾರೆ. ಕಬ್ಜಾ ಎಂದರೆ ಹಿಡಿತ. ಹೊಲ ಮನೆಗಳ ಕಾಗದಪತ್ರಗಳಲ್ಲಿ ನಾವು ದಿನವೂ ಓದುವ, ಕೋರ್ಟು ಕಚೇರಿಗೆ ಅಲೆಸುವ ಅದೇ ಕಬ್ಜಾ! ಬಾಗಿಲನ್ನು ಚೌಕಟ್ಟಿನ ಹಿಡಿತದಲ್ಲಿಡುವ ಎರಡು ತಗಡು ತುಂಡುಗಳಿಗೆ ಇಷ್ಟು ಒಪ್ಪುವ ಹೆಸರು ಬೇರೆ ಭಾಷೆಯಲ್ಲಿ ಇದೆಯೋ ಇಲ್ಲವೋ.

ಇದನ್ನು ಪದಕುತೂಹಲಕ್ಕಾಗಿ ಮಾತ್ರ ಹೇಳುತ್ತಿಲ್ಲ. ಹೆಸರು ತಿಳಿಯದ ವಸ್ತುವನ್ನು ಕೊಳ್ಳಲಾಗದು. ಕೈಸನ್ನೆ ಮಾಡಿ ಕೇಳಿದವನಿಗೆ ಅಂಗಡಿಯವನು ಎದುರಿಗಿರುವುದನ್ನು ಕೊಡುತ್ತಾನೆ. ಅದು ಕೂರದಿದ್ದರೆ ಬಡಿಗನು ಮರವನ್ನು ಕೆತ್ತಿ ಕೂರಿಸುತ್ತಾನೆ. ಹೀಗೆ ಒಂದು ಮಾತು ಮರೆತ ತಪ್ಪಿಗೆ ತೇಗ ಪೆಟ್ಟು ತಿನ್ನುತ್ತದೆ.

ಅಳತೆಯದೂ ಒಂದು ತೊಡಕುಂಟು. ನಮ್ಮ ಅಲಮಾರಿಯಲ್ಲಿ ಉಳಿದಿದ್ದ ಮೂರು ಕಬ್ಜಾಗಳು ಮೂರು ಇಂಚಿನವು. ಅಂಗಡಿಯಲ್ಲಿ ಸಿಕ್ಕಿದ್ದು ಎಪ್ಪತ್ತೈದು ಮಿಲಿಮೀಟರಿನದು. ಎರಡೂ ಒಂದೇ ಎಂದು ಅಂಗಡಿಯವನು ಹೇಳಿದ. ವ್ಯವಹಾರಕ್ಕೆ ಒಂದೇ, ಆದರೆ ಮೂರು ಇಂಚೆಂದರೆ 76.2 ಮಿಲಿಮೀಟರು. ಒಂದೂಕಾಲು ಮಿಲಿಮೀಟರಿನಷ್ಟು ಅಂತರದಿಂದ ತಗ್ಗಿನಲ್ಲಿ ಸಂದು ಕಾಣುತ್ತದೆ; ಸ್ಕ್ರೂಗಳ ತೂತಂತೂ ಹಳೆಯ ತೂತಿನ ಅಂಚಿಗೆ ಬಂದು, ಪೇಚು ಅರ್ಧ ಮರವನ್ನೂ ಅರ್ಧ ಗಾಳಿಯನ್ನೂ ಹಿಡಿಯುತ್ತದೆ. ನಮ್ಮ ದೇಶ ಮೆಟ್ರಿಕ್ ಅಳತೆಯ ಕಾನೂನು ಮಾಡಿದ್ದು 1956ರಲ್ಲಿ. ಅದೇ ವರ್ಷದ ನವೆಂಬರ್ 1ರಂದು ಬೀದರ ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ರಾಜ್ಯ ಬದಲಾದದ್ದನ್ನು ಕಾಗದಗಳು ಬಲ್ಲವು. ನಮ್ಮ ಅಲಮಾರಿ ಮಾತ್ರ ಇನ್ನೂ ಇಂಚಿನ ಆಳ್ವಿಕೆಯಲ್ಲಿದೆ.

ಇಂಥಲ್ಲಿ ಮಾಡಬೇಕಾದದ್ದು ಹೀಗೆ. ಸಡಿಲಗೊಂಡ ಹಳೆಯ ತೂತಿಗೆ ಕಡ್ಡಿಪೆಟ್ಟಿಗೆಯ ಕಡ್ಡಿ ತುರುಕುವುದು ನಾಲ್ಕು ದಿನದ ಉಪಾಯ. ತೂತನ್ನು ಚೊಕ್ಕವಾಗಿ ಕೊರೆದು, ಅದೇ ಜಾತಿಯ ಮರದ ಗೂಟವನ್ನು ಅಂಟು ಹಚ್ಚಿ ಬಡಿದು, ಒಣಗಿದ ಮೇಲೆ ಅದರಲ್ಲಿ ಹೊಸ ತೂತು ತೆಗೆಯಬೇಕು. ಗೂಟದ ನಾರು ಸುತ್ತಣ ಮರದ ನಾರಿನೊಡನೆ ಒಂದೇ ದಿಕ್ಕಿಗೆ ಹೋಗುವಂತೆ ಕತ್ತರಿಸಿದ್ದರೆ ಉತ್ತಮ. ನಾರಿನ ತುದಿಯೊಳಗೆ ನೆಟ್ಟ ಸ್ಕ್ರೂವಿಗೆ ಹಿಡಿತ ಕಡಿಮೆ. ಹಿತ್ತಾಳೆಯ ಸ್ಕ್ರೂ ಮೆದು. ಒತ್ತಿ ತಿರುಗಿಸಿದರೆ ಕುತ್ತಿಗೆಯಲ್ಲಿ ಮುರಿದು ಒಳಗೇ ಉಳಿಯುತ್ತದೆ. ಅದಕ್ಕಾಗಿ ಅಷ್ಟೇ ಗಾತ್ರದ ಉಕ್ಕಿನ ಸ್ಕ್ರೂವನ್ನು ಒಮ್ಮೆ ಪೂರ್ತಿ ಇಳಿಸಿ ತೆಗೆದು, ದಾರಿಯಾದ ಮೇಲೆ ಹಿತ್ತಾಳೆಯದನ್ನು ಮೇಣ ಸವರಿ ಇಳಿಸುತ್ತಾರೆ. ಹಿತ್ತಾಳೆಯೆಂದು ಕೊಟ್ಟದ್ದು ಹಿತ್ತಾಳೆಯೇ ಹೌದೋ ಎಂಬುದನ್ನು ಅಯಸ್ಕಾಂತ ಹೇಳುತ್ತದೆ. ಬಣ್ಣ ಕೊಟ್ಟ ಕಬ್ಬಿಣವಾಗಿದ್ದರೆ ಥಟ್ಟನೆ ಅಂಟಿಕೊಳ್ಳುತ್ತದೆ. ಆ ದಿನ ನನ್ನ ಮೊಮ್ಮಗನ ಆಟಿಕೆಯ ಅಯಸ್ಕಾಂತ ಜೇಬಿನಲ್ಲಿದ್ದುದರಿಂದ ನನ್ನ ಇಪ್ಪತ್ತು ರೂಪಾಯಿ ಉಳಿಯಿತು.

ಮರ ಮತ್ತು ಲೋಹಗಳ ಒಡನಾಟ ಎಲ್ಲ ಮರದಲ್ಲಿಯೂ ಒಂದೇ ಬಗೆಯದಲ್ಲ. ತೇಗದ ಎಣ್ಣೆಯಂಶ ಕಬ್ಬಿಣವನ್ನು ಬಹಳ ಕಾಲ ಕಾಯುತ್ತದೆ. ಜಾಲಿಯಲ್ಲಿ ಒಗರಿನ ಅಂಶ ಹೆಚ್ಚು. ಒದ್ದೆಯಾದಾಗ ಕಬ್ಬಿಣದ ಸುತ್ತ ಕಪ್ಪು ಕಲೆ ಹರಡುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಬೆರೆಸಿ ಹಿಂದಿನವರು ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ಬಾಗಿಲಿನ ಮೇಲೆ ಆ ಮಸಿ ಯಾರೂ ಬೇಡದೆ ತಾನಾಗಿ ತಯಾರಾಗುತ್ತದೆ. ಈ ವಿದ್ಯೆಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಕಡಲಿನವರು. ಹಾಯಿದೋಣಿಯೊಳಗಿನ ಪುಟ್ಟ ಕೋಣೆಯಲ್ಲಿ ಕಪಾಟಿನ ಒಂದು ಚಿಲಕ ಇಲ್ಲವಾದರೂ, ದೋಣಿ ವಾಲಿದಾಗ ಪಾತ್ರೆ ಪದಾರ್ಥಗಳೆಲ್ಲ ಮೈಮೇಲೆ ಬರುತ್ತವೆ. ಉಪ್ಪುನೀರಿಗೆ ಸಾಮಾನ್ಯ ಹಿತ್ತಾಳೆ ಆಗದು. ಅದರೊಳಗಿನ ಸತು ಕರಗಿಹೋಗಿ ಕೆಂಪಗಿನ ಟೊಳ್ಳು ತಾಮ್ರವಷ್ಟೇ ಉಳಿಯುತ್ತದೆ. ಆದ್ದರಿಂದ ಅವರು ಕಂಚನ್ನು ನಂಬುತ್ತಾರೆ. ಸತುವನ್ನೇ ಪ್ರಧಾನವಾಗಿಟ್ಟುಕೊಂಡು, ಸ್ವಲ್ಪ ತಾಮ್ರ ಬೆರೆಸಿ, ಕೋಟೆಯ ಮಣ್ಣಿನಿಂದ ಕಪ್ಪು ಕೊಟ್ಟು ಬಿದರಿ ಪಾತ್ರೆ ಮಾಡುವ ನಮ್ಮ ಊರಿನವರಿಗೆ ಸಮುದ್ರ ದೂರವಿರುವುದು ಒಂದು ಬಗೆಯಲ್ಲಿ ಒಳ್ಳೆಯದೇ ಆಯಿತು.

ಇನ್ನು ಅಕ್ಕನ ಬಾಗಿಲು. ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಪಳಪಳ ಹೊಳೆಯುವ, ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಅಗುಳಿಯನ್ನು ತಂದು, ಪೊಟ್ಟಣದಲ್ಲಿ ಬಂದ ಮುಕ್ಕಾಲು ಇಂಚಿನ ಸ್ಕ್ರೂಗಳಿಂದ ನಾನೇ ಕೂರಿಸಿದೆ. ಅಕ್ಕ ಒಳಗಿನಿಂದ ಹಾಕಿಕೊಂಡಳು. ನಾನು ಹೊರಗಿನಿಂದ ಭುಜ ಕೊಟ್ಟು ಒಮ್ಮೆ ನೂಕಿದೆ. ಅರವತ್ತೇಳು ವರ್ಷದ ನನ್ನ ಭುಜಕ್ಕೆ ಬಾಗಿಲು ತೆರೆದುಕೊಂಡಿತು. ಅಗುಳಿಗೆ ಏನೂ ಆಗಿರಲಿಲ್ಲ. ಚೌಕಟ್ಟಿನ ಮೇಲಿದ್ದ ಅದರ ಕೊಯಂಡಾ ಕಿತ್ತುಕೊಂಡು ನೆಲದ ಮೇಲೆ ಬಿದ್ದಿತ್ತು. ಅಕ್ಕ ಏನೂ ಅನ್ನಲಿಲ್ಲ. ಆ ರಾತ್ರಿ ಬಾಗಿಲಿಗೆ ಒರಳುಕಲ್ಲು ಒತ್ತಿಟ್ಟು ಮಲಗಿದಳು.

ಅಗುಳಿಯ ಬಲ ಅಗುಳಿಯಲ್ಲಿಲ್ಲ. ಅದನ್ನು ಹಿಡಿದುಕೊಳ್ಳುವ ಬಳೆ ಮರದೊಳಗೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದರಲ್ಲಿದೆ. ಮರುದಿನ ಹಳೆಯ ತೂತುಗಳನ್ನು ಮತ್ತೆ ನೋಡಿದಾಗ, ಮೊದಲ ದಿನವೇ ಕಂಡಿದ್ದೂ ನಾನು ಓದದೆ ಬಿಟ್ಟಿದ್ದ ಸಾಲು ಕಣ್ಣಿಗೆ ಬಿತ್ತು. ಹಳೆಯ ಕೊಯಂಡಾದ ಎರಡು ತೂತುಗಳು ಚೌಕಟ್ಟಿನ ಈ ಮೈಯಿಂದ ಆ ಮೈಗೆ ಹಾದುಹೋಗಿದ್ದವು. ಹಿಂಬದಿಯಲ್ಲಿ ಎರಡು ಪುಟ್ಟ ಗೀರುಗಳಿದ್ದವು. ಅಂದರೆ ಕಮ್ಮಾರನು ಕಬ್ಬಿಣದ ಸಲಾಕೆಯನ್ನು ಬಳೆಯಾಗಿ ಬಾಗಿಸಿ, ಅದರ ಎರಡು ಕಾಲುಗಳನ್ನು ಮರದಿಂದ ಆಚೆಗೆ ತಂದು, ಅಲ್ಲಿ ಎರಡು ದಿಕ್ಕಿಗೆ ಮಡಿಚಿ ಬಡಿದಿದ್ದ. ಅದನ್ನು ಕೀಳಬೇಕಾದರೆ ಮರವನ್ನೇ ಸೀಳಬೇಕು. ಬಡಿಗನೂ ಇದನ್ನು ಒಪ್ಪಿದ. ಅಂಥ ಕೊಯಂಡಾ ಪೊಟ್ಟಣದಲ್ಲಿ ಬರುವುದಿಲ್ಲ. ಉಜ್ಜಿ ತೆಗೆದ ಕಾಗದವನ್ನು ಕಮ್ಮಾರನಿಗೆ ತೋರಿಸಿದೆ. ಅವನು ಕಾಗದಕ್ಕಿಂತ ಚೌಕಟ್ಟಿನ ದಪ್ಪ ಎಷ್ಟೆಂದು ಕೇಳಿದ, ಅದಕ್ಕೆ ಎರಡು ಬೆರಳು ಹೆಚ್ಚು ಉದ್ದ ಬಿಟ್ಟು ಕಾಯಿಸಿ ಬಾಗಿಸಿ ಕೊಟ್ಟ. ಅಗುಳಿಯ ತಗಡಿಗೆ ಎರಡು ಇಂಚಿನ ಎಂಟನೆಯ ನಂಬರಿನ ಸ್ಕ್ರೂಗಳನ್ನು ಹಾಕಿದೆವು. ಹಳೆಯ ಲೆಕ್ಕದ ಎಂಟನೆಯ ನಂಬರೆಂದರೆ ಸುಮಾರು ನಾಲ್ಕು ಮಿಲಿಮೀಟರಿನ ದಪ್ಪ. ಈ ಸಲ ನಾನೂ ಬಡಿಗನೂ ಸೇರಿ ನೂಕಿದೆವು. ಒಳಗಿನಿಂದ ಅಕ್ಕನ ನಗು ಕೇಳಿಸಿತು.

ಒಂದು ಎಚ್ಚರ ಮಾತ್ರ ಹೇಳಬೇಕು. ಈ ಕೆಲಸ ನಡೆದದ್ದು ಮೇ ತಿಂಗಳಲ್ಲಿ. ಮರ ಮಳೆಗಾಲದಲ್ಲಿ ನಾರಿಗೆ ಅಡ್ಡಲಾಗಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ತೇಗ ಕಡಿಮೆ ಉಬ್ಬುವ ಜಾತಿಯಾದರೂ ಉಬ್ಬದೆ ಇರುವುದಿಲ್ಲ. ಬೇಸಿಗೆಯಲ್ಲಿ ಕೂದಲೆಳೆಯ ಸಂದಿಲ್ಲದಂತೆ ಕೂರಿಸಿದ ಅಗುಳಿ ಶ್ರಾವಣದಲ್ಲಿ ತನ್ನ ಬಳೆಯನ್ನು ಕಾಣದೆ ಚೌಕಟ್ಟಿಗೆ ಬಡಿಯುತ್ತದೆ. ಕತ್ತಲೆಯಲ್ಲಿ ಮುದುಕಿಯೊಬ್ಬಳು ಅದರೊಡನೆ ಗುದ್ದಾಡಬೇಕಾಗುತ್ತದೆ. ಆದ್ದರಿಂದ ಬಳೆಯನ್ನು ಉರುಟಾಗಿ ಮಾಡಿಸದೆ ಮೇಲೆ ಕೆಳಗೆ ಸ್ವಲ್ಪ ಉದ್ದವಾಗಿ ಮಾಡಿಸಿದ್ದೆವು. ಈ ಸಲಹೆ ಕಮ್ಮಾರನದು, ನನ್ನದಲ್ಲ.

ಅಲಮಾರಿಯ ಕತೆ ಬೇಗ ಮುಗಿಯಿತು. ಹೋದ ಕಬ್ಜಾ ಎದುರಿಗೆ ಕಾಣುವ ಮೇಲಿನದು. ಒಳಮೂಲೆಯಲ್ಲಿ, ಗೋಡೆಯ ಕಡೆಗಿದ್ದ ಕೆಳಗಿನ ಹಳೆಯ ಕಬ್ಜಾವನ್ನು ಬಿಚ್ಚಿ ಮೇಲಕ್ಕೆ ತಂದು, ಎಪ್ಪತ್ತೈದು ಮಿಲಿಮೀಟರಿನ ಹೊಸದನ್ನು ಕೆಳಗಿನ ಕತ್ತಲೆಗೆ ಹಾಕಿಸಿದೆ. ಕಳ್ಳತನದಂತೆ ತೋರಬಹುದು, ಆದರೆ ಇದು ಬಲ್ಲವರು ಒಪ್ಪುವ ಕ್ರಮ. ಸ್ಕ್ರೂಗಳು ಐದು ಬಂದವು. ಹಲಗೆ ನಿಲ್ಲಿಸುವ ಗೂಟವನ್ನು ಬಡಿಗನು ಚೂರು ತೇಗದಲ್ಲಿ ಕಡೆದು ಕೊಟ್ಟ. ಹಿಡಿಕೆಗೆ ಮಾತ್ರ ಜೋಡಿ ಸಿಗಲಿಲ್ಲ. ಎಡಕ್ಕೆ ಹಳೆಯದು, ಬಲಕ್ಕೆ ಸ್ವಲ್ಪ ದಪ್ಪಗಿನ ಬೇರೊಂದು. ಅಕ್ಕನಿಗೆ ಕತ್ತಲೆಯಲ್ಲಿ ಮುಟ್ಟಿದರೆ ಯಾವ ಬಾಗಿಲೆಂದು ತಿಳಿಯುತ್ತದಂತೆ.

ಹನ್ನೊಂದರಲ್ಲಿ ಹತ್ತು ಬಂದವು. ಕೀಲಿಯ ತೂತನ್ನು ಮುಚ್ಚುತ್ತಿದ್ದ, ಮೇಲೊಂದು ಪುಟ್ಟ ಎಲೆಯಂತೆ ಜೋತಾಡುತ್ತಿದ್ದ ಹಿತ್ತಾಳೆಯ ತಗಡು ಇನ್ನೂ ಸಿಕ್ಕಿಲ್ಲ. ಬೀದರಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಕೇಳುತ್ತಿದ್ದೇನೆ. ಅದಕ್ಕೆ ಇಲ್ಲಿಯವರು ಏನನ್ನುತ್ತಾರೆಂದು ಅಕ್ಕನನ್ನು ಕೇಳಿದರೆ, ಚಿಕ್ಕಂದಿನಲ್ಲಿ ನಾವು ಅದನ್ನು ಸರಿಸಿ ತೂತಿನಲ್ಲಿ ಇಣುಕುತ್ತಿದ್ದುದನ್ನು ನೆನೆಸಿಕೊಂಡು ನಕ್ಕಳೇ ಹೊರತು ಹೆಸರು ಅವಳಿಗೂ ನೆನಪಾಗಲಿಲ್ಲ.