ಸಂಮಿಶ್ರ ವಿಶ್ಲೇಷಣೆ

ಸಂಮಿಶ್ರ ವಿಶ್ಲೇಷಣೆಯು ಸಂಮಿಶ್ರ ಸಂಖ್ಯೆಗಳನ್ನು ಚರವಾಗಿ ಉಳ್ಳ ಫಲನಗಳ ಅವಕಲನ, ಅನುಕಲನ ಹಾಗೂ ಶ್ರೇಣಿಗಳನ್ನು ಅಧ್ಯಯನ ಮಾಡುವ ಗಣಿತಶಾಸ್ತ್ರದ ಶಾಖೆಯಾಗಿದೆ. ಇದನ್ನು ಸಂಕೀರ್ಣ ವಿಶ್ಲೇಷಣೆ ಎಂದೂ ಕರೆಯಲಾಗುತ್ತದೆ. 19ನೆಯ ಶತಮಾನದಲ್ಲಿ ಕೋಶಿ, ರೀಮನ್ ಮತ್ತು ವಯರ್‌ಸ್ಟ್ರಾಸ್ ಇದಕ್ಕೆ ಇಂದಿನ ರೂಪವನ್ನು ನೀಡಿದರು. ಭಾರತದ ವಿಶ್ವವಿದ್ಯಾನಿಲಯಗಳ ಗಣಿತ ಎಂ.ಎಸ್ಸಿ. ತರಗತಿಗಳಲ್ಲಿ ಇದು ಮುಖ್ಯ ವಿಷಯಗಳಲ್ಲೊಂದು. ಸಂಶೋಧನಾ ವೇತನಕ್ಕಾಗಿ ನಡೆಯುವ ಸಿ.ಎಸ್.ಐ.ಆರ್. ನೆಟ್ ಪರೀಕ್ಷೆಯ ಪಠ್ಯಕ್ರಮದಲ್ಲಿಯೂ ಇದೆ.

ನೈಜ ವಿಶ್ಲೇಷಣೆಯಿಂದ ಇರುವ ವ್ಯತ್ಯಾಸ

ನೈಜ ಸಂಖ್ಯಾರೇಖೆಯಲ್ಲಿ ಒಂದು ಬಿಂದುವನ್ನು ಎಡ ಮತ್ತು ಬಲ ಎಂಬ ಎರಡೇ ದಿಕ್ಕುಗಳಿಂದ ಸಮೀಪಿಸಬಹುದು. ಸಂಮಿಶ್ರ ಸಮತಲದಲ್ಲಿ ದಿಕ್ಕುಗಳಿಗೆ ಮಿತಿಯಿಲ್ಲ. ಅವಕಲನ ಸಾಧ್ಯವಾಗಬೇಕಾದರೆ ಎಲ್ಲ ದಿಕ್ಕುಗಳಿಂದಲೂ ಒಂದೇ ಬೆಲೆ ದೊರೆಯಬೇಕು. ಉದಾಹರಣೆಗೆ, ಸಂಖ್ಯೆಯೊಂದರ ಕಾಲ್ಪನಿಕ ಭಾಗದ ಚಿಹ್ನೆಯನ್ನು ಮಾತ್ರ ಬದಲಿಸುವ ಸಂಯುಗ್ಮ ಫಲನವನ್ನು ಗಮನಿಸಬಹುದು. ಅಡ್ಡಲಾಗಿ ಸಮೀಪಿಸಿದರೆ ಬದಲಾವಣೆಯ ಅನುಪಾತ 1, ಲಂಬವಾಗಿ ಸಮೀಪಿಸಿದರೆ −1. ನೋಡಲು ಅತ್ಯಂತ ಸರಳವಾದ ಈ ಫಲನಕ್ಕೆ ಯಾವ ಬಿಂದುವಿನಲ್ಲಿಯೂ ಅವಕಲನವಿಲ್ಲ. ಈ ನಿರ್ಬಂಧವನ್ನೇ ಕೋಶಿ–ರೀಮನ್ ಸಮೀಕರಣಗಳು ಆಂಶಿಕ ಅವಕಲನಗಳ ಮೂಲಕ ಹೇಳುತ್ತವೆ.

ನಿರ್ಬಂಧ ಕಠಿಣವಾದುದರಿಂದಲೇ ಫಲವೂ ದೊಡ್ಡದು. ಮುಕ್ತ ಪ್ರದೇಶವೊಂದರ ಎಲ್ಲೆಡೆ ಒಮ್ಮೆ ಅವಕಲನೀಯವಾದ ಫಲನವು ಅಲ್ಲಿ ಅನಂತ ಬಾರಿ ಅವಕಲನೀಯವಾಗಿರುತ್ತದೆ ಮತ್ತು ಘಾತಶ್ರೇಣಿಯಾಗಿ ವಿಸ್ತರಿಸಲ್ಪಡುತ್ತದೆ. ನೈಜ ವಿಶ್ಲೇಷಣೆಯಿಂದ ಬರುವ ವಿದ್ಯಾರ್ಥಿಗೆ ಇದು ನಂಬಲಾಗದ ಮಾತೆನಿಸುವುದು ಸಹಜ.

ಹಿಂದಿನ ತರಗತಿಯಲ್ಲಿ ಉತ್ತರ ಸಿಗದ ಪ್ರಶ್ನೆಗಳೂ ಇಲ್ಲಿ ಬಗೆಹರಿಯುತ್ತವೆ. 1/(1 + ಕ್ಷ²) ಎಂಬ ಫಲನಕ್ಕೆ ನೈಜ ರೇಖೆಯಲ್ಲಿ ಎಲ್ಲಿಯೂ ದೋಷವಿಲ್ಲ. ಆದರೂ ಸೊನ್ನೆಯ ಸುತ್ತಲಿನ ಅದರ ಘಾತಶ್ರೇಣಿಯು −1 ಮತ್ತು 1ರ ನಡುವೆ ಮಾತ್ರ ಅಭಿಸರಿಸುತ್ತದೆ. ಕಾರಣ ರೇಖೆಯ ಹೊರಗಿದೆ: −1ರ ಎರಡು ವರ್ಗಮೂಲಗಳಲ್ಲಿ ಛೇದವು ಸೊನ್ನೆಯಾಗುತ್ತದೆ, ಅವೆರಡೂ ಸೊನ್ನೆಯಿಂದ ಒಂದು ಮಾನ ದೂರದಲ್ಲಿವೆ. ಇದೇ ಫಲನವನ್ನು ಸಂಪೂರ್ಣ ನೈಜ ರೇಖೆಯ ಮೇಲೆ ಅನುಕಲಿಸಿದಾಗ ದೊರೆಯುವ π ಎಂಬ ಉತ್ತರವನ್ನು, ಆ ಎರಡರಲ್ಲಿ ಮೇಲಿನ ಬಿಂದುವಿನ ರೆಸಿಡ್ಯೂವಿನಿಂದ ಒಂದೇ ಸಾಲಿನಲ್ಲಿ ಪಡೆಯಬಹುದು.

ಅಧ್ಯಯನ

ಮೈಸೂರಿನ ಮಾನಸಗಂಗೋತ್ರಿಗೆ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಪದವಿ ಕಾಲೇಜುಗಳಿಂದಲೂ ವಿದ್ಯಾರ್ಥಿಗಳು ಬರುತ್ತಾರೆ. ಕನ್ನಡ ಮಾಧ್ಯಮದಲ್ಲಿ ಶಾಲೆ ಓದಿದವರಿಗೆ ಈ ಹಂತದ ಪಠ್ಯಗಳು ಇಂಗ್ಲಿಷಿನಲ್ಲಿರುವುದು ಹೆಚ್ಚುವರಿ ಹೊರೆ. ಲಾರ್ಸ್ ಆಲ್ಫೋರ್ಸ್ ಅವರ 1953ರ ಗ್ರಂಥ ಇಂದಿಗೂ ಬಳಕೆಯಲ್ಲಿದೆ. ಅದರ ಬಿಗಿಯಾದ ಗದ್ಯವು ಮೊದಲ ಓದಿಗೆ ಸುಲಭವಲ್ಲ. ಜಾನ್ ಕಾನ್ವೇ ಮತ್ತು ಎಸ್. ಪೊನ್ನುಸಾಮಿ ಅವರ ಪುಸ್ತಕಗಳೂ ಪ್ರಚಲಿತವಾಗಿವೆ. ರೆಸಿಡ್ಯೂ ಲೆಕ್ಕಗಳನ್ನು ಅಭ್ಯಾಸದಿಂದ ರೂಢಿಸಿಕೊಳ್ಳಬಹುದು, ಆದರೆ ಪ್ರಮೇಯಗಳ ಷರತ್ತುಗಳನ್ನು ಬಿಟ್ಟು ಬಾಯಿಪಾಠ ಮಾಡಿದವರು ನೆಟ್ ಮಾದರಿಯ ಪ್ರಶ್ನೆಗಳಲ್ಲಿ ಎಡವುತ್ತಾರೆ. ಅನನ್ಯತಾ ಪ್ರಮೇಯ ಇದಕ್ಕೆ ಒಳ್ಳೆಯ ನಿದರ್ಶನ. ಸಂಬದ್ಧ ಮುಕ್ತ ಪ್ರದೇಶವೊಂದರಲ್ಲಿ ಎರಡು ವಿಶ್ಲೇಷಕ ಫಲನಗಳು ಬಿಂದುಗಳ ಒಂದು ಗಣದ ಮೇಲೆ ಸಮವಾಗಿದ್ದು, ಆ ಗಣದ ಸಂಚಯ ಬಿಂದುವು ಪ್ರದೇಶದ ಒಳಗೇ ಇದ್ದರೆ ಅವು ಎಲ್ಲೆಡೆ ಸಮ. 'ಒಳಗೇ' ಎಂಬ ಪದವನ್ನು ಕೈಬಿಟ್ಟರೆ ಹೇಳಿಕೆಯೇ ಸುಳ್ಳಾಗುತ್ತದೆ.

ಮೈಸೂರಿನಲ್ಲಿ ಸಂಶೋಧನೆ

ಶ್ರೀನಿವಾಸ ರಾಮಾನುಜನ್ ತಮ್ಮ ಟಿಪ್ಪಣಿ ಪುಸ್ತಕದಲ್ಲಿ ಸಾಧನೆಯಿಲ್ಲದೆ ಬರೆದಿಟ್ಟ ದ್ವಿಮುಖ ಶ್ರೇಣಿಯ ಸಂಕಲನ ಸೂತ್ರವೊಂದನ್ನು ಮೌರಾದ್ ಇಸ್ಮಾಯಿಲ್ 1977ರಲ್ಲಿ ಇದೇ ಅನನ್ಯತಾ ಪ್ರಮೇಯದಿಂದ ಸಾಧಿಸಿದರು. ಸೂತ್ರದ ಒಂದು ಪ್ರಾಚಲಕ್ಕೆ ಸೊನ್ನೆಯತ್ತ ಸಾಗುವ ಬೆಲೆಗಳ ಒಂದು ಅನುಕ್ರಮವನ್ನು ಕೊಟ್ಟಾಗ ಶ್ರೇಣಿಯು ಏಕಮುಖವಾಗಿ, ಮೊದಲೇ ತಿಳಿದಿದ್ದ ದ್ವಿಪದ ಪ್ರಮೇಯದ ಒಂದು ರೂಪಕ್ಕೆ ಇಳಿಯುತ್ತದೆ. ಉಳಿದ ಬೆಲೆಗಳಿಗೆ ಅನನ್ಯತೆಯೇ ಸಾಕು.

ರಾಮಾನುಜನ್ ಅವರ ಗಣಿತದ ಅಧ್ಯಯನದಲ್ಲಿ ಮೈಸೂರಿನ ವಿದ್ವಾಂಸರ ಪಾಲು ಗಣನೀಯ. ಅವರ ಎರಡನೆಯ ಟಿಪ್ಪಣಿ ಪುಸ್ತಕದ 16ನೆಯ ಅಧ್ಯಾಯವನ್ನು ಕುರಿತ ಕೃತಿಯು 1985ರಲ್ಲಿ ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯಿಂದ ಪ್ರಕಟವಾಯಿತು. ಅದರ ಲೇಖಕರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸಿ. ಅಡಿಗ ಮತ್ತು ಎಸ್. ಭಾರ್ಗವ ಸೇರಿದ್ದಾರೆ. ಕೆ. ವೆಂಕಟಾಚಲಯ್ಯಂಗಾರ್ ಅವರು ದೀರ್ಘವೃತ್ತೀಯ ಫಲನಗಳ ಸಿದ್ಧಾಂತವನ್ನು ರಾಮಾನುಜನ್ ಅವರ ದಾರಿಯಲ್ಲಿ ಕಟ್ಟಿಕೊಟ್ಟ ಗ್ರಂಥವನ್ನು ಮಧುರೈ ಕಾಮರಾಜ್ ವಿಶ್ವವಿದ್ಯಾನಿಲಯವು 1988ರಲ್ಲಿ ಹೊರತಂದಿತು. ಶಾನ್ ಕೂಪರ್ ಪರಿಷ್ಕರಿಸಿದ ಅದರ ಆವೃತ್ತಿ 2012ರಲ್ಲಿ ಪ್ರಕಟವಾಗಿದೆ.